ಮೊಮ್ಮಗಳಿಗೆ ನಾನೇ ನೀರು ಹಾಕಿದ ದಿನ

ಇವತ್ತು ಬೆಳಗ್ಗೆ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ನಾನೇ ನೀರು ಹಾಕಿದೆ. ನಿನ್ನೆ ಕೆ.ಆರ್. ನಗರದಲ್ಲಿ ಡಾಕ್ಟರಮ್ಮ ನನ್ನ ಹೊಟ್ಟೆ ಮುಟ್ಟಿ ನೋಡಿ, ಆಪರೇಷನ್ ಗಾಯ ಚೆನ್ನಾಗಿ ಮಾಗಿದೆ, ಇನ್ನು ಮಗುವನ್ನು ಎತ್ತಬಹುದು ಎಂದರು. ಬಸ್ಸು ನಮ್ಮೂರು ಭೇರ್ಯ ಸೇರುವವರೆಗೂ ನನ್ನ ಮುಖದ ನಗು ಹೋಗಲಿಲ್ಲ.

ಮಗಳು ಮೊದಲ ಹೆರಿಗೆಗೆ ಬರುವ ಹೊತ್ತಿಗೇ ನನಗೆ ರಕ್ತ ಹೋಗುವುದು ವಿಪರೀತವಾಗಿತ್ತು. ಗರ್ಭಕೋಶ ತೆಗೆಯಲೇಬೇಕು, ಆದರೆ ಮೈಯಲ್ಲಿ ರಕ್ತ ಸಾಲದು ಎಂದು ಮಾತ್ರೆ ಕೊಟ್ಟರು. ರಕ್ತ ಏರುವಷ್ಟರಲ್ಲಿ ಮಗಳ ದಿನ ಹತ್ತಿರವಾಗಿತ್ತು. ಬೀದಿಯ ಎಷ್ಟೋ ಕೂಸುಗಳಿಗೆ ನೀರು ಹಾಕಿದವಳು ನಾನು. ಸ್ವಂತ ಮೊಮ್ಮಗುವಿಗೆ ಬೇರೆಯವರು ಹಾಕಬೇಕೆ? ಬಾಣಂತನ ಮುಗಿಯಲಿ, ಆಮೇಲೆ ಆಪರೇಷನ್ ಎಂದೆ.

“ನಿಂಗೇನಾರ ಆದ್ರೆ ನನ್ ಕೂಸಿಗೆ ಅಜ್ಜಿ ಎಲ್ಲಿಂದ ತರ್ಲಿ ಕಣವ್ವ? ಸುಮ್ಕೆ ನಡಿ,” ಎಂದಳು ಮಗಳು.

ಆಪರೇಷನ್ ದಿನ ಆಸ್ಪತ್ರೆಯಲ್ಲಿ ನೀರೂ ಕುಡಿಯದೆ ಮಲಗಿದ್ದಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಇದ್ದೆ. ಮಗಳನ್ನು ಹೊತ್ತ ಜಾಗವನ್ನೇ ತೆಗೆದುಬಿಡುತ್ತಾರಲ್ಲ, ಆಮೇಲೆ ನನ್ನಲ್ಲಿ ಉಳಿಯುವುದೇನು ಎಂಬ ಯೋಚನೆ.

ನಾನು ಮನೆಗೆ ಬಂದ ಸ್ವಲ್ಪ ದಿನಕ್ಕೆ ಮಗು ಹುಟ್ಟಿತು. ಮನೆಯಲ್ಲಿ ಇಬ್ಬರು ಬಾಣಂತಿಯರಾದೆವು. ಇಬ್ಬರ ಕಿವಿಗೂ ಬಟ್ಟೆ, ಇಬ್ಬರಿಗೂ ಮೆಣಸು ಬೆಳ್ಳುಳ್ಳಿ ಸಾರು. ಮಗುವಿಗೆ ನೀರು ಹಾಕಲು ಕುಳಿತವರು ನಮ್ಮ ಯಜಮಾನರು. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು, “ಹಸು ಕರ ತೊಳ್ದಂಗಲ್ಲ ಕಣಣ್ಣ,” ಎಂದು ನಕ್ಕಳು.

“ಕರ ಒದೀತದೆ, ಇದು ಬರೀ ಅಳ್ತದೆ. ಇದೇ ವಾಸಿ ಬುಡವ್ವ,” ಎಂದರು ಇವರು.

ನಕ್ಕರೆ ನನಗೆ ಹೊಲಿಗೆ ಎಳೆಯುತ್ತಿತ್ತು. ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ನಕ್ಕೆ. ಕತ್ತು ಹಿಡಿಯಿರಿ, ಮೂಗಿಗೆ ನೀರು ಹೋದೀತು ಎಂದು ಮಂಚದಿಂದಲೇ ಹೇಳಿಕೊಡುತ್ತಿದ್ದೆ. ನೇಗಿಲು ಹಿಡಿದ ಆ ಕೈ ಬರಬರುತ್ತ ಎಷ್ಟು ಮೆತ್ತಗಾಯಿತೆಂದರೆ ಮಗು ನೀರಿನಲ್ಲೇ ತೂಕಡಿಸುತ್ತಿತ್ತು. ನನಗೆ ಸಂತೋಷವೂ ಆಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು.

ಇವತ್ತು ಮಣೆಯ ಮೇಲೆ ಕುಳಿತು ಕಾಲು ಚಾಚಿದೆ. ಮೊದಲ ಚೊಂಬಿಗೆ ಮೊಮ್ಮಗಳು ಅತ್ತಳು. ಎರಡನೆಯದಕ್ಕೆ ಸುಮ್ಮನಾಗಿ ನನ್ನ ಮುಖವನ್ನೇ ನೋಡಿದಳು. ಆ ಪುಟ್ಟ ಮೈಯ ಬಿಸಿ ಕಾಲಿಗೆ ತಾಗುತ್ತಿದ್ದಾಗ ನನ್ನಲ್ಲಿ ಏನೋ ಕಡಿಮೆಯಾಗಿದೆ ಅನ್ನಿಸಲೇ ಇಲ್ಲ.

ಸಂಜೆ ಪಿರಿಯಾಪಟ್ಟಣದಿಂದ ಅಳಿಯ ಬಂದರು. ಎಲ್ಲರೂ ಒಟ್ಟಿಗೆ ಉಣ್ಣಲು ಕುಳಿತೆವು. ಮುದ್ದೆ, ಅವರೆಕಾಳಿನ ಸಾರು.

“ನಾಳೀಕೆ ನಾನು ನೀರು ಹಾಕ್ತೀನಿ ಕಣಮ್ಮಿ,” ಎಂದರು ನಮ್ಮ ಯಜಮಾನರು ಮುದ್ದೆ ಮುರಿಯುತ್ತ.

“ಅದೆಂಗಾದದು?” ಎಂದೆ.

ಮಗಳು ಇಬ್ಬರ ತಟ್ಟೆಗೂ ಒಂದೊಂದು ಸೌಟು ಸಾರು ಬಿಟ್ಟು, “ಮೊದ್ಲು ಉಣ್ಣಿ,” ಎಂದಳು. ಉಂಡೆವು.