ಫೆಲಿಸಿಯಾನತ್ತೆ ಕಲಿಸಿದ ಉತ್ತರಗಳು

ಕುಚುಮತಾನ್ ಬೆಟ್ಟದ ನಮ್ಮ ಹಳ್ಳಿಯಲ್ಲಿ ಆಗ ಸ್ಪ್ಯಾನಿಷ್ ಬರುತ್ತಿದ್ದುದು ಫೆಲಿಸಿಯಾನ ಒಬ್ಬಳಿಗೇ. ಮಕ್ಕಳೆಲ್ಲ ಅವಳನ್ನು ಅತ್ತೆ ಎನ್ನುತ್ತಿದ್ದೆವು. ಕಾಫಿ ತೋಟದಲ್ಲಿ ದುಡಿಯುವಾಗ ಮೇಸ್ತ್ರಿಗಳ ಬೈಗುಳ ಕೇಳಿ ಕೇಳಿ ಆ ಭಾಷೆ ಕಲಿತಿದ್ದಳು. ಪೇಟೆಯ ದಾರಿಯಲ್ಲಿ ಸೈನಿಕರು ಠಾಣೆ ಹಾಕಿದ ವರ್ಷ, ನಮ್ಮನ್ನು ಒಲೆಯ ಸುತ್ತ ಕೂರಿಸಿಕೊಂಡು ಪಾಠ ಶುರುಮಾಡಿದಳು. ನಮ್ಮ ಇಶಿಲ್ ಮಾತು ಕಿವಿಗೆ ಬಿದ್ದರೆ ಸೈನಿಕರು ಸಿಡುಕುತ್ತಿದ್ದರು. ಉತ್ತರ ಕೊಡದ ಮಗುವಿನ ತಾಯಿಯನ್ನು ಒಳಗೆ ಕರೆದೊಯ್ಯುತ್ತಿದ್ದರು. ಹಾಗೆ ಹೋದ ಕೆಲವರು ತಿರುಗಿ ಬಂದಿರಲಿಲ್ಲ.

"ಬುಯೆನೋಸ್ ದಿಯಾಸ್ ಅಂದ್ರೆ ನಮಸ್ಕಾರ. ಮೊದ್ಲು ಅದನ್ನ ಹೇಳ್ಬೇಕು, ನಗ್ತಾ. 'ಕೊಮೊ ತೆ ಯಾಮಾಸ್' ಅಂದ್ರೆ ಹೆಸರು ಕೇಳ್ತಿದಾರೆ ಅಂತ. 'ಕೊಮೊ ಎಸ್ತಾಸ್' ಅಂದ್ರೆ ಹೇಗಿದೀಯ ಅಂತ. ಅದಕ್ಕೇನಂತೀಯ, ಮತಿಲ್ದೆ?"

"ಮುಯ್ ಬಿಯೆನ್, ಗ್ರಾಸಿಯಾಸ್. ತುಂಬಾ ಚೆನ್ನಾಗಿದೀನಿ, ಉಪಕಾರ ಆಯ್ತು ಅಂತ."

"ಬಾಯಲ್ಲಿ ರೊಟ್ಟಿ ಇಟ್ಕೊಂಡು ಹೇಳ್ಬೇಡ ಕಣೇ! ಸೈನಿಕ ಏನು ನಿಮ್ಮಜ್ಜನಾ?"

ನಾವು ಕಿಸಕ್ಕನೆ ನಕ್ಕೆವು. ಮತಿಲ್ದೆ ಅತ್ತೆಯ ತಮ್ಮನ ಮಗಳು, ಪುಟ್ಟ ಹುಡುಗಿ. ತಾಯಿ ತೀರಿಕೊಂಡಿದ್ದಳು. ತಂದೆ ಸೈನ್ಯಕ್ಕೆ ಹೆದರಿ ಕಾಡು ಸೇರಿದ್ದ.

ಒಂದು ಸಂತೆಯ ದಿನ ಉಪ್ಪು ತರಲು ಅತ್ತೆ ಅವಳನ್ನೂ ನನ್ನನ್ನೂ ಕರೆದುಕೊಂಡು ಹೊರಟಳು. ಠಾಣೆಯಲ್ಲಿ ಸೈನಿಕನೊಬ್ಬ ಮತಿಲ್ದೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅವಳು ನಮಸ್ಕಾರ ಹೇಳಿದಳು, ಹೆಸರು ಹೇಳಿದಳು. ಆಮೇಲೆ ಅವನು ಮೆಲ್ಲಗೆ, ನಾವು ಕಲಿಯದ ಪ್ರಶ್ನೆಯೊಂದನ್ನು ಕೇಳಿದ. ನಿನ್ನಪ್ಪ ಎಲ್ಲಿ ಎಂದು ಕೇಳಿದ್ದನಂತೆ. ನನಗದು ತಿಳಿಯಲಿಲ್ಲ; ಅತ್ತೆಯ ಉಗುರುಗಳು ನನ್ನ ಹೆಗಲಿಗೆ ನಾಟಿದ್ದು ಮಾತ್ರ ತಿಳಿಯಿತು.

"ಮುಯ್ ಬಿಯೆನ್, ಗ್ರಾಸಿಯಾಸ್," ಅಂದಳು ಮತಿಲ್ದೆ, ನಗುತ್ತಾ. ಚೆನ್ನಾಗಿದ್ದಾನೆ ಎಂದ ಹಾಗಾಯಿತು!

ಹಿಂದಿದ್ದ ಸೈನಿಕರು ಗೊಳ್ಳೆಂದರು. ಇವನು ನಗಲಿಲ್ಲ. ಅತ್ತೆಯನ್ನೇ ದಿಟ್ಟಿಸಿದ.

"ಮಗೂಗೆ ಅರ್ಥ ಆಗಿಲ್ಲ, ಧಣಿ," ಅಂದಳು ಅತ್ತೆ. "ಅವಳಪ್ಪ ಜ್ವರ ಬಂದು ಸತ್ತೋದ."

ಅವನು ಹೋಗಿ ಎಂಬಂತೆ ಕೋವಿಯ ತುದಿಯಿಂದ ದಾರಿ ತೋರಿಸಿದ.

ಮರುದಿನ ಅತ್ತೆ ಹೊಸ ಪಾಠ ಹೇಳಿದಳು. "ಅಪ್ಪನ ವಿಷ್ಯ ಕೇಳಿದ್ರೆ 'ಮುರಿಯೋ' ಅನ್ನು. ಸತ್ತೋದ ಅಂತ."

"ಸತ್ತಿಲ್ವಲ್ಲ ಅತ್ತೆ? ಅಪ್ಪ ಕಾಡಲ್ಲಿ..."

ಅತ್ತೆ ಅವಳ ಬಾಯಿ ಮುಚ್ಚಿದಳು. "ಆ ಮಾತು ಇನ್ನೊಂದ್ಸಲ ಆಡಿದ್ರೆ ನೋಡು!" ಎಂದು ಗದರಿ, ತಾನೇ ಅಳುತ್ತಾ, ಮತ್ತೆ ಮತ್ತೆ ಹೇಳಿಸಿದಳು. ಅಂದು ಯಾರೂ ನಗಲಿಲ್ಲ.

ಎರಡು ಮಳೆಗಾಲ ಕಳೆದು ಸೈನ್ಯ ಹೋದ ಮೇಲೆ, ಕಾಡು ಸೇರಿದ್ದ ಆ ತಂದೆ ಎಲುಬಿನ ಗೂಡಾಗಿ ಬಂದು ಬಾಗಿಲಲ್ಲಿ ನಿಂತ. ಮತಿಲ್ದೆ ಚೀರಿ ಅತ್ತೆಯ ಹಿಂದೆ ಅಡಗಿಕೊಂಡಳು.

"ಸತ್ತವ್ರು ಬಂದಿದಾರೆ ಅತ್ತೆ, ಬಾಗ್ಲು ಹಾಕು!"

ಅವನ ಕೈಯಿಂದ ಅವಳು ಒಂದು ತುತ್ತು ತಿನ್ನಲು ಎಷ್ಟೋ ದಿನ ಹಿಡಿಯಿತು.