ಮೂರು ಸಭೆ ತಪ್ಪಿದರೆ ಔಟ್

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಊರು ಮಂಗಳೂರಿನ ಕಡೆ, ಕೆಲಸ ಟೈಲ್ಸ್ ಹಾಕಿಸುವುದು. ಕೊಚ್ಚಿಯ ನಮ್ಮ ಕನ್ನಡ ಸಂಘದ ಸಮಿತಿಗೆ ನನ್ನನ್ನು ಆರಿಸಿದಾಗ, ಬ್ಯಾಂಕಿನವರು, ಐಟಿಯವರ ನಡುವೆ ನನಗೂ ಒಂದು ಕುರ್ಚಿ ಎಂದು ವಾರವಿಡೀ ಬೀಗಿದೆ.

ಮೊದಲ ಸಭೆಯಲ್ಲೇ ಭಾಷಣ ಬಿಗಿದೆ. ವಿಧಾನಸಭೆಗೆ ಚಕ್ಕರ್ ಹೊಡೆಯುವ ಶಾಸಕರ ಸುದ್ದಿ ಅಂದು ಪೇಪರಿನಲ್ಲಿ ಬಂದಿತ್ತು.

"ನನ್ನ ಆಳು ಮೂರು ದಿನ ಬಾರದಿದ್ರೆ ನಾಲ್ಕನೇ ದಿನ ಬೇರೆಯವನನ್ನು ಹಾಕ್ತೇನೆ. ಇವರಿಗೆಂತ ಕೊಂಬುಂಟಾ?"

ಅಧ್ಯಕ್ಷರು ಮೈಸೂರಿನವರು, ಬ್ಯಾಂಕ್ ಅಧಿಕಾರಿ. ನಕ್ಕರು. "ಅವರಿಗೂ ನಿಯಮ ಇದೆ ಮೇಸ್ತ್ರಿಗಳೇ. ಅನುಮತಿ ಇಲ್ದೆ ಅರವತ್ತು ದಿನ ಬರದಿದ್ರೆ ಸ್ಥಾನ ಖಾಲಿ ಅಂತ ಸದನ ಘೋಷಿಸಬಹುದು. ರಜೆಗೆ ಬರೆದುಕೊಟ್ಟು ಒಪ್ಪಿಗೆ ಸಿಕ್ರೆ ಬಚಾವು."

"ಹಾಗಾದ್ರೆ ನಮಗೂ ಮಾಡಿ ಸಾರ್. ರಜೆ ಚೀಟಿ ಇಲ್ಲದೆ ಮೂರು ಸಭೆ ತಪ್ಪಿದ್ರೆ ಔಟ್. ಫೋನಿನಲ್ಲಿ ಹೇಳಿದ್ದು ನಡೆಯುವುದಿಲ್ಲ."

ಫೋನಿನ ಮಾತು ಯಾರ ತಲೆಯಲ್ಲೂ ಇರಲಿಲ್ಲ. ಅದನ್ನು ಸೇರಿಸಿದ ಬುದ್ಧಿವಂತನೂ ನಾನೇ. ನಿಯಮ ಅಂದೇ ಪಾಸಾಯಿತು.

ಮುಂದಿನ ತಿಂಗಳೇ ತಿರುವನಂತಪುರದಲ್ಲಿ ದೊಡ್ಡ ಕಟ್ಟಡದ ಕೆಲಸ ಸಿಕ್ಕಿತು. ಭಾನುವಾರವೂ ಬಿಡುವಿಲ್ಲ. ಒಂದು ಸಭೆ ತಪ್ಪಿತು, ಎರಡು ತಪ್ಪಿತು. ಎರಡು ಸಾಲು ಬರೆದರೆ ಮುಗಿಯುತ್ತಿತ್ತು. ಆದರೆ ಕೋಳಿ ಕೆದರಿದಂಥ ನನ್ನ ಅಕ್ಷರವನ್ನು ಆ ಓದಿದವರು ಕೈಯಿಂದ ಕೈಗೆ ದಾಟಿಸುವುದು ಕಣ್ಣ ಮುಂದೆ ಬಂತು. ಮಗಳಿಗೆ ಫೋನ್ ಮಾಡಿ, ನೀನೇ ಬರೆದು ಕೊಡು ಎಂದೆ.

"ಅಪ್ಪಾ, ಎನಿಕ್ಕ್ ಕನ್ನಡ ಎಳುದಾನ್ ಅರಿಯಿಲ್ಲ. ಮಲಯಾಳಂ ಮದಿಯೋ?"

ಬರೆಯಲು ಬರುವುದಿಲ್ಲ, ಮಲಯಾಳಂ ಸಾಕಾ ಅಂತ. ಕನ್ನಡ ಸಂಘಕ್ಕೆ! ಫೋನ್ ಇಟ್ಟೆ. ಮೂರನೆಯದೂ ತಪ್ಪಿತು.

ನಾಲ್ಕನೆಯದಕ್ಕೆ ಕೆಲಸ ನಿಲ್ಲಿಸಿ, ಬೆಳಗಿನ ರೈಲು ಹಿಡಿದು, ವೈಟ್ಟಿಲದ ಸಂಘದ ಕೋಣೆಗೆ ಓಡಿದೆ. ಅಂದಿನ ಮೊದಲ ವಿಷಯ ನಾನೇ. ಅಧ್ಯಕ್ಷರು ಹಾಳೆ, ಪೆನ್ನು ನನ್ನ ಮುಂದೆ ತಳ್ಳಿದರು.

"ಈಗ್ಲೇ ಎರಡು ಸಾಲು ಗೀಚಿಬಿಡಿ ಮೇಸ್ತ್ರಿಗಳೇ. ಹಳೇ ತಾರೀಕು ಹಾಕೋಣ."

ಎಲ್ಲರ ಕಣ್ಣೂ ನನ್ನ ಕೈ ಮೇಲೆ.

"ನಾನು ತಂದ ನಿಯಮ ಸಾರ್, ನಾನೇ ಮುರಿಯುವುದಾ?" ಎಂದು ಗತ್ತಿನಿಂದ ಹೇಳಿ, ನನ್ನನ್ನು ತೆಗೆಯಲು ಮೊದಲ ಕೈ ನಾನೇ ಎತ್ತಿದೆ. ಒಬ್ಬರಾದರೂ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ನನ್ನ ಧೈರ್ಯ ಮೆಚ್ಚಿ ಒಬ್ಬೊಬ್ಬರಾಗಿ ಎಲ್ಲರೂ ಕೈ ಎತ್ತಿದರು.

ಬಾಗಿಲಲ್ಲಿ ಚಪ್ಪಲಿಯ ಪಟ್ಟಿ ಬಿಗಿಯಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಯಾರೂ ಕರೆಯಲಿಲ್ಲ. "ಎಂಥಾ ಸ್ವಾಭಿಮಾನಿ, ಅಲ್ವಾ?" ಎಂದು ಅಧ್ಯಕ್ಷರು ಹೇಳುವುದು ಕೇಳಿಸಿತು. ಅದರ ಬೆನ್ನಿಗೇ, ಆ ಜಾಗಕ್ಕೆ ಯಾರನ್ನು ಹಾಕುವುದು ಎಂಬ ಚರ್ಚೆ ಶುರುವಾಯಿತು.