ಗಂಗವ್ವನ ಗೋಣಿತಟ್ಟು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೀಗ ಸಂತೆಯ ಮೇಲೆ ಪ್ರೀತಿ ಉಳಿದಿಲ್ಲ, ಮಿರ್ಚಿಭಜಿಯ ಮೇಲೂ ಉಳಿದಿಲ್ಲ. ಅರವತ್ತೆರಡರ ಈ ವಯಸ್ಸಿನಲ್ಲಿ ನನ್ನ ಪ್ರೀತಿಯೆಲ್ಲ ಉಳಿದಿರುವುದು ಕೂಡುವ ಜಾಗಗಳ ಮೇಲೆ. ಕಟ್ಟೆ, ಬೆಂಚು, ಮೆಟ್ಟಿಲು, ಬೋರಲು ಹಾಕಿದ ಬುಟ್ಟಿ, ಯಾವುದಾದರೂ ಸರಿ. ಮದುವೆಗೆ ಹೋದರೆ ಮದುಮಕ್ಕಳನ್ನು ಆಮೇಲೆ ನೋಡುತ್ತೇನೆ. ಮೊದಲು ಗೋಡೆಗೆ ಹತ್ತಿರದ ಖಾಲಿ ಕುರ್ಚಿ ಎಲ್ಲಿದೆ ಅಂತ ನೋಡುತ್ತೇನೆ. ಮೂವತ್ತಮೂರು ವರ್ಷ ಕನ್ನಡ ಸಾಲೆಯ ಕರಿಹಲಗೆಯ ಮುಂದೆ ನಿಂತ ಮೊಣಕಾಲುಗಳು ಇವು. ಮಕ್ಕಳಿಗೆ ‘ಕೂಡ್ರಿ’ ಅಂತ ಎಷ್ಟು ಸಾವಿರ ಸಲ ಹೇಳಿದ್ದೇನೋ, ನನಗೆ ಮಾತ್ರ ಯಾರೂ ಹೇಳಲಿಲ್ಲ.

ಇಂಥ ಕಾಲು ಇಟ್ಟುಕೊಂಡು ನಿವೃತ್ತಿಯ ನಂತರ ನಾನು ಹಿಡಿದ ಉದ್ಯೋಗ ಕೇಳಿದರೆ ನೀವು ನಗುತ್ತೀರಿ. ಸಂತೆಯಲ್ಲಿ ಮಂದಿಯನ್ನು ತಿರುಗಿಸುವುದು! ಹುಬ್ಬಳ್ಳಿಯಲ್ಲಿರುವ ನನ್ನ ತಂಗಿಯ ಮಗಳು ಸುಧಾ ಒಂದು ಉದ್ಯೋಗ ಶುರುಮಾಡಿದ್ದಾಳೆ. ದೊಡ್ಡ ಊರುಗಳ ಮಂದಿಯನ್ನು ಒಂದು ವ್ಯಾನಿನಲ್ಲಿ ತುಂಬಿಕೊಂಡು, ಸಂತೆಯ ದಿನ ಸಂಜೆ ಗುಡಗೇರಿಗೆ ಕರೆತರುತ್ತಾಳೆ. ಅವರಿಗೆ ಸಂತೆ ತೋರಿಸಬೇಕು, ಅಲ್ಲಲ್ಲಿ ನಿಲ್ಲಿಸಿ ತಿನ್ನಿಸಬೇಕು, ತಿನ್ನುವಾಗ ಎರಡು ಮಾತು ಹೇಳಬೇಕು. ಆ ಎರಡು ಮಾತಿಗೆ ಅವಳಿಗೆ ನಾನು ಬೇಕಾದೆ. “ದೊಡ್ಡವ್ವ, ನೀ ಏನೂ ಮಾಡೂದು ಬ್ಯಾಡ. ಸುಮ್ನ ಅವ್ರ ಜೋಡಿ ಅಡ್ಯಾಡು ಸಾಕು” ಅಂದಳು. ಸುಮ್ನ ಅಡ್ಯಾಡು ಅನ್ನುವವರ ಮೊಣಕಾಲಿಗೆ ಯಾವಾಗಲೂ ಮೂವತ್ತು ವರ್ಷ ವಯಸ್ಸು.

ಕುಂದಗೋಳದಿಂದ ಹೊರಟು ಗುಡಗೇರಿ ಸ್ಟೇಷನ್ನಿನ ಹತ್ತಿರ ಅವರನ್ನು ಕೂಡಿಕೊಳ್ಳುತ್ತಿದ್ದೆ. ಅಲ್ಲಿಂದ ಉಳ್ಳಾಗಡ್ಡಿ ರಾಶಿ, ಜೋಳದ ಚೀಲಗಳು, ಮಿರ್ಚಿಯ ಬಂಡಿ, ಗಿರ್ಮಿಟ್ಟಿನ ಅಂಗಡಿ. ವಾರವಾರವೂ ಅದೇ ದಾರಿ, ಅದೇ ಮಾತು, ಅದೇ ಪ್ರಶ್ನೆ. “ಮೇಡಂ, ಇದು ಖಾರ ಇದೆಯಾ?” ಇದೆ ಕಣಪ್ಪ, ಅದರ ಹೆಸರೇ ಮಿರ್ಚಿ. ಗಿರ್ಮಿಟ್ ಕೈಗೆ ಬಂದ ಕೂಡಲೇ ಬಾಯಿಗೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಚುರಮರಿ ಮೆತ್ತಗಾಗುತ್ತದೆ ಅಂತ ಪ್ರತಿ ವಾರ ಹೇಳುತ್ತಿದ್ದೆ. ಅವರು ಹೌದೌದು ಅನ್ನುತ್ತ, ಅದನ್ನು ಎಡದಿಂದ ಒಂದು, ಬಲದಿಂದ ಒಂದು ಫೋಟೋ ಹೊಡೆದು, ಮೆತ್ತಗಾದ ಮೇಲೆ ತಿಂದು, “ತುಂಬಾ ಚೆನ್ನಾಗಿದೆ” ಅನ್ನುತ್ತಿದ್ದರು. ನನ್ನ ದನಿ ಕೇಳಿ ನನಗೇ ಬ್ಯಾಸರ ಬಂದಿತ್ತು.

ಹೇಳಲು ಮಾತು ಮುಗಿದಾಗ ನಾನು ಒಂದು ವಾಕ್ಯ ಕಟ್ಟಿಕೊಂಡಿದ್ದೆ. “ನೋಡ್ರಿ, ಇಲ್ಲಿ ಕೂತವರೆಲ್ಲ ತಲೆತಲಾಂತರದಿಂದ ಇದೇ ಜಾಗದಲ್ಲಿ ಕೂತವರು.” ಮಂದಿ ‘ಆಹಾ’ ಅನ್ನುತ್ತಿದ್ದರು. ನಿಜ ಹೇಳಬೇಕೆಂದರೆ, ಹಾಗೆ ಕೂತವರು ನನಗೆ ಗೊತ್ತಿದ್ದದ್ದು ಒಬ್ಬಳೇ, ಹಿಂಡಿ ಗಂಗವ್ವ. ಒಂದು ಉದಾಹರಣೆ ಸಿಕ್ಕರೆ ಅದನ್ನು ನಿಯಮ ಮಾಡಿಬಿಡುವ ಚಾಳಿ ಮಾಸ್ತರಿಕೆ ಮಾಡಿದವರನ್ನು ಬೇಗ ಬಿಡುವುದಿಲ್ಲ.

ಗಂಗವ್ವ ಕೂಡುವುದು ಬೇವಿನ ಮರದ ಕೆಳಗೆ, ಒಂದು ಗೋಣಿತಟ್ಟಿನ ಮೇಲೆ. ಮುಂದೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಯ ಡಬ್ಬಿಗಳು. ಅತ್ತ ಬೆಂಗಳೂರಿನವರು ಚಟ್ನಿಪುಡಿ ಅನ್ನುತ್ತಾರಲ್ಲ, ಅದೇ. ಬಾಜೂಕ್ಕೆ ಖಡಕ್ ರೊಟ್ಟಿಯ ಬುಟ್ಟಿ. ಮೊದಲು ಅಲ್ಲಿ ಅವಳ ಅತ್ತೆ ಕೂಡುತ್ತಿದ್ದಳಂತೆ. ಗಂಗವ್ವನ ಹಿಂಡಿ ಅಗದಿ ರುಚಿ, ನಮ್ಮ ತಿರುಗಾಟ ಅಲ್ಲೇ ಮುಗಿಯಲಿ ಅಂತ ಸುಧಾಗೆ ಹೇಳಿದವಳು ನಾನೇ. ರುಚಿಯೇನೋ ಹೌದು. ಆದರೆ ನಿಜವಾದ ಕಾರಣ ಬೇರೆ. ಆ ಗೋಣಿತಟ್ಟಿನ ಮಗ್ಗುಲಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಮಂದಿ ರೊಟ್ಟಿ ಮುರಿದು ಹಿಂಡಿ ಹಚ್ಚಿಕೊಂಡು ತಿನ್ನುವಷ್ಟು ಹೊತ್ತು ನಾನು ಆ ಕಲ್ಲಿನ ಮೇಲೆ ಕೂಡಬಹುದಿತ್ತು.

ಕೂಡುವುದನ್ನು ಹಗುರ ಮಾಡಬೇಡಿ. ನಮ್ಮ ಕುಂದಗೋಳ ಹಾಡಿನ ಊರು. ಹಾಡುವವರೂ ಕೂತು, ಕೇಳುವವರೂ ಕೂತು ನಡೆಸುವ ಆ ಕಾರ್ಯಕ್ಕೆ ಬೈಠಕ್ ಅಂತಲೇ ಹೆಸರು; ರಾಗಕ್ಕಿಂತ ಮೊದಲು ಅಲ್ಲಿ ಹಾಸುವುದು ಜಮಖಾನ. ಮಠಕ್ಕೆ ಗದ್ದುಗೆ, ಅರಸನಿಗೆ ಸಿಂಹಾಸನ, ಸಾಹೇಬರಿಗೆ ಕುರ್ಚಿ. ಯಾರನ್ನಾದರೂ ದೊಡ್ಡವರನ್ನಾಗಿ ಮಾಡಬೇಕಾದರೆ ನಮ್ಮ ಮಂದಿ ಮೊದಲು ಮಾಡುವ ಕೆಲಸ ಅವರನ್ನು ಕೂಡಿಸುವುದು. ಅಲ್ಲಿಂದ ಏಳಿಸುವುದಕ್ಕೆ ಕೋರ್ಟಿಗೆ ಹೋಗಬೇಕಾಗುತ್ತದೆ, ಆ ಮಾತು ಬೇರೆ. ಸಂತೆಯಲ್ಲೂ ನೋಡಿ, ಇರುವುದು ಎರಡೇ ಜಾತಿ, ಕೂತವರು ಮತ್ತು ನಿಂತವರು. ಕೂತವರು ಮಾರುತ್ತಾರೆ, ನಿಂತವರು ಕೊಳ್ಳುತ್ತಾರೆ.

ಈ ಎರಡರಲ್ಲೂ ಸೇರದವನು ಒಬ್ಬನಿದ್ದ. ಹಣಿಗೆ, ಕನ್ನಡಿ, ಪಿನ್ನು ಮಾರುವ ಬಸಣ್ಣ. ನಲವತ್ತೈದರ ಆಸುಪಾಸಿನ ಆಳು. ಅವನಿಗೆ ಸಂತೆಯಲ್ಲಿ ಜಾಗವಿಲ್ಲ. ಕೋಲಿಗೆ ಸಾಮಾನು ತೂಗುಹಾಕಿಕೊಂಡು ಬೆಳಗಿನಿಂದ ನಿಂತೇ ಮಾರುವವನು. ಪ್ರತಿ ವಾರ ಗಂಗವ್ವನ ಮುಂದೆ ಹಾಯುವಾಗ, “ಯವ್ವಾ, ಜಾಗಾ ಯಾವಾಗ ಬಿಡ್ತಿ?” ಅಂತ ಕೇಳುತ್ತಿದ್ದ. “ನಾ ಸತ್ತ ಮ್ಯಾಲೆ ಬಾರೋ, ಬಾಡ್ಯಾ” ಅನ್ನುತ್ತಿದ್ದಳು ಅವಳು. ಇಬ್ಬರೂ ನಗುತ್ತಿದ್ದರು. ಆದರೆ ಅವನು ಕೇಳುವುದನ್ನು ಬಿಡುತ್ತಿರಲಿಲ್ಲ.

ಆ ದಿನ ನಾನು ಸುಧಾಗೆ ‘ನನ್ನ ಕೈಲಿ ಇನ್ನು ಆಗೂದಿಲ್ಲವ್ವಾ’ ಅಂತ ಹೇಳಿಯೇಬಿಡಬೇಕು ಅಂತ ನಿಶ್ಚಯ ಮಾಡಿಕೊಂಡು ಹೋಗಿದ್ದೆ. ಮಂದಿ ಮಿರ್ಚಿಭಜಿಯ ಫೋಟೋ ಹೊಡೆಯುತ್ತಿದ್ದಾಗ, ಸುಧಾಳ ಕಣ್ಣು ತಪ್ಪಿಸಿ ಮೆಲ್ಲಗೆ ನನ್ನ ಕಲ್ಲಿನ ಕಡೆ ನಡೆದೆ. ಗಂಗವ್ವ ನನ್ನ ದಾರಿಯನ್ನೇ ಕಾಯುತ್ತಿದ್ದಳು.

“ಅಕ್ಕೋರ, ಸಾಲ್ಯಾಗ ಕಣ್ಣಿನ ಡಾಕ್ಟರ್ ಬಂದಾರಂತ್ರಿ. ಆರಕ್ಕ ಹೊಳ್ಳಿ ಹೋಕ್ಕಾರಂತ. ನನಗ ಈಗೀಗ ಎಲ್ಲಾ ಹೊಗಿ ಹೊಗಿ ಕಾಣ್ತೈತ್ರಿ. ಹಿಂಗ ಹೋಗಿ ಹಂಗ ಬರ್ತೀನಿ, ಒಂದೀಟು ಇಲ್ಲಿ ಕೂಡ್ರಿ.” ಎರಡು ಹೆಜ್ಜೆ ಹೋದವಳು ತಿರುಗಿ ಬಂದು, “ಜಾಗಾ ಮಾತ್ರ ಬಿಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ” ಅಂದಳು.

ಕೂಡು ಅಂತ ಕಾಲಿಗೆ ಬೀಳುವವರು ಜನ್ಮದಲ್ಲಿ ಮೊದಲ ಸಲ ಸಿಕ್ಕಿದ್ದರು. ಕೂತೆ. ಆಹಾ, ಅದೇನು ಸುಖ ಅಂತೀರಿ! ಕಾಲು ಚಾಚಿ, ಬೇವಿನ ಬೊಡ್ಡೆಗೆ ಬೆನ್ನು ಕೊಟ್ಟು, ಎದುರಿನ ಸಂತೆಯನ್ನು ಕೆಳಗಿನಿಂದ ನೋಡಿದೆ. ಅಲ್ಲಿಂದ ಮುಖ ಕಾಣುವುದಿಲ್ಲ, ಕಾಲು ಕಾಣುತ್ತವೆ. ನಮ್ಮ ತಂಡದ ಹೆಣ್ಣುಮಗಳೊಬ್ಬಳು ಆಚೆ ಬಂಡಿಯ ಹತ್ತಿರ ಒಮ್ಮೆ ಎಡಗಾಲಿನ ಮೇಲೆ, ಒಮ್ಮೆ ಬಲಗಾಲಿನ ಮೇಲೆ ಭಾರ ಹಾಕುತ್ತ ನಿಂತಿದ್ದಳು. ಇಷ್ಟು ದಿನ ಇವರನ್ನು ತಿರುಗಿಸಿದೆ. ಇವರಿಗೂ ಕಾಲು ನೋಯಬಹುದು ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಹತ್ತು ನಿಮಿಷವಾಗಿರಬಹುದು. ಸುಧಾ ಗಿರ್ಮಿಟ್ ಅಂಗಡಿಯ ಮುಂದಿನಿಂದ ಕೂಗಿದಳು. “ದೊಡ್ಡವ್ವ, ಮಂದಿ ಕಾಯಾಕತ್ತಾರ, ಜಲ್ದಿ ಬಾ!” ಇಪ್ಪತ್ತು ಹೆಜ್ಜೆಯ ದೂರ. ಹೋಗಿ ಎರಡು ಮಾತು ಹೇಳಿ ಬಂದರಾಯಿತು. ಆದರೆ ಸಾಮಾನು ಬಿಟ್ಟು ಹೋಗುವುದೇ? ನಾನು ಜವಾಬ್ದಾರಿ ಹೆಣ್ಣುಮಗಳು. ಡಬ್ಬಿಗಳನ್ನು ಬುಟ್ಟಿಗೆ ಇಟ್ಟೆ. ಗೋಣಿತಟ್ಟನ್ನು ಝಾಡಿಸಿ, ತುದಿಗೆ ತುದಿ ಕೂಡಿಸಿ, ಸಾಲೆಯ ಮಕ್ಕಳಿಗೆ ಕಲಿಸಿದಂತೆ ನೀಟಾಗಿ ನಾಲ್ಕು ಮಡಿಕೆ ಮಾಡಿ ಬುಟ್ಟಿಯ ಮೇಲಿಟ್ಟೆ. ಬುಟ್ಟಿ ಟೊಂಕದ ಮೇಲಿಟ್ಟುಕೊಂಡು ಹೋಗಿ, ಚುರಮರಿ ಮೆತ್ತಗಾಗುವ ವಿಷಯ ಹೇಳಿ ಬಂದೆ.

ಬಂದು ನೋಡಿದರೆ ಬೇವಿನ ಕೆಳಗೆ ಒಂದು ನೀಲಿ ತಾಡಪಾಲು ಹಾಸಿತ್ತು. ಅದರ ಮೇಲೆ ಸಾಲಾಗಿ ಹಣಿಗೆ, ಕನ್ನಡಿ. ಹಿಂದೆ ಬಸಣ್ಣ, ಹೊಸ ಜಾಗದಲ್ಲಿ ಹೇಗೆ ನಿಲ್ಲಬೇಕೋ ತಿಳಿಯದವನ ಹಾಗೆ ನಿಂತಿದ್ದ.

“ಏನೋ ಬಸಣ್ಣಾ ಇದು?”

“ನೀವು ತಟ್ಟು ಮಡಿಚಿದ್ರೆಲ್ರೀ ಅಕ್ಕೋರ.” ದನಿಯಲ್ಲಿ ಜಗಳವಿರಲಿಲ್ಲ. “ಹಾಸಿ ಬಿಟ್ಟು ಹೋಗಿದ್ರ ನಾಕು ತಾಸಾದ್ರೂ ಯಾರೂ ಮುಟ್ಟತಿರಲಿಲ್ಲ. ಮಡಿಚಿದ್ರಂದ್ರ ಜಾಗಾ ಬಿಟ್ಟಂಗ.”

ನಾನು ಬಾಜೂಕ್ಕೆ ಕೂತ ಉಳ್ಳಾಗಡ್ಡಿಯವನ ಮುಖ ನೋಡಿದೆ. “ಹೌದ್ರಿ, ಸಂತ್ಯಾಗ ಹಂಗ ಐತ್ರಿ” ಅಂದ ಅವನು, ನೆಲ ನೋಡುತ್ತ. ತಲೆತಲಾಂತರ ಅಂತ ವಾರವಾರ ಭಾಷಣ ಹೊಡೆದವಳಿಗೆ ಸಂತೆಯ ಈ ಒಂದು ಕಾಯಿದೆ ಗೊತ್ತಿರಲಿಲ್ಲ. ‘ಇದು ಸರಿಯಲ್ಲ’ ಅಂತ ಸಾಲೆಯ ದನಿ ತೆಗೆದು ನೋಡಿದೆ. ಬಸಣ್ಣ ಒಂದು ಕನ್ನಡಿಯನ್ನು ಅಂಗಿಯ ಚುಂಗಿನಿಂದ ಒರೆಸಿದ, ಅಷ್ಟೇ. ಅತ್ತೆಯ ಕಾಲದಿಂದ ಕಾಯ್ದ ಜಾಗ. ಮಂಜುಗಣ್ಣಿನ ಮುದುಕಿ ನನ್ನನ್ನು ನಂಬಿ ಹೋಗಿದ್ದಾಳೆ, ನಾನು ಹತ್ತು ನಿಮಿಷದಲ್ಲಿ ಕಳೆದು ಕೂತಿದ್ದೇನೆ. ಸುಳ್ಳು ಯಾಕೆ ಹೇಳಲಿ, ನನಗೆ ಅಳು ಬಂತು.

ಜಗಳಾಡಲು ತ್ರಾಣವಿರಲಿಲ್ಲ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸಣ್ಣನ ತಾಡಪಾಲಿನ ಅಂಚಿಗೆ ಕುಸಿದು ಕೂತೆ. ಅಷ್ಟರಲ್ಲಿ ಸುಧಾ ತನ್ನ ಮಂದಿಯನ್ನು ಕರೆದುಕೊಂಡು ಬಂದಳು. “ಇಲ್ಲಿ ಏನು ಸ್ಪೆಷಲ್ ಮೇಡಂ?” ಅಂತ ಒಬ್ಬರು ಕೇಳಿದರು.

“ಇಲ್ಲಿ ಕೂಡೋದು” ಅಂದೆ.

ಅವರು ಅದೂ ತಿರುಗಾಟದ ಒಂದು ಭಾಗ ಅಂದುಕೊಂಡರೋ, ಅಥವಾ ಯಾರಾದರೂ ಹೇಳಲಿ ಅಂತಲೇ ಕಾಯುತ್ತಿದ್ದರೋ! ಒಂಬತ್ತೂ ಮಂದಿ, ಅಬ್ಬಾ ಅನ್ನುತ್ತ, ಎರೆಮಣ್ಣಿನ ಧೂಳಿನಲ್ಲೇ ತಾಡಪಾಲಿನ ಸುತ್ತ ಕೂತುಬಿಟ್ಟರು. ಒಬ್ಬರು ಬೂಟು ಬಿಚ್ಚಿದರು. ಆಗ ಬಂಡಿಯ ಹತ್ತಿರ ಕಾಲು ಬದಲಿಸುತ್ತ ನಿಂತಿದ್ದ ಹೆಣ್ಣುಮಗಳು ಹಿಮ್ಮಡಿ ತಿಕ್ಕಿಕೊಳ್ಳತೊಡಗಿದಳು. ಯಾರೂ ಫೋಟೋ ತೆಗೆಯಲಿಲ್ಲ. ಹಣಿಗೆ ಕೊಳ್ಳಲು ಬಂದವರಿಗೆ ಒಳಗೆ ಬರಲು ದಾರಿಯೇ ಇರಲಿಲ್ಲ.

“ಇದೇನ್ರಿ ಅಕ್ಕೋರ?” ಅಂದ ಬಸಣ್ಣ.

“ಏನಿಲ್ಲೋ ತಮ್ಮಾ, ಕಾಲು ನೋಯಾಕತ್ತಾವು.”

ಅವನು ನಮ್ಮೆಲ್ಲರ ಕಾಲು ನೋಡಿದ. ಆಮೇಲೆ “ನಾನೂ ಹೊತ್ತು ಹೊಂಟಾಗಿಂದ ನಿಂತೀನ್ರಿ” ಅಂತ ಅವನೂ ಕೂತ. ಹಾಗೆ ನಾವು ಹನ್ನೊಂದು ಮಂದಿ, ಯಾರೂ ಏನೂ ಮಾರದೆ, ಏನೂ ಕೊಳ್ಳದೆ ಕೂತಿದ್ದೆವು. ಸುಧಾ ಒಬ್ಬಳೇ ಗಡಿಯಾರ ನೋಡುತ್ತ ನಿಂತಿದ್ದಳು.

ಗಂಗವ್ವ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚೀಟಿ ಹಿಡಿದು ಬಂದಳು. ಎಲ್ಲರಿಗಿಂತ ಮೊದಲು ಎದ್ದವನು ಬಸಣ್ಣ. “ಇಷ್ಟು ಮಂದಿ ಕೂತ ಮ್ಯಾಲೆ ಜಾಗಾ ಖಾಲಿ ಐತಿ ಅಂತ ಹೆಂಗ ಅನ್ನೂದು” ಅಂತ ಗೊಣಗುತ್ತ ತಾಡಪಾಲಿನ ನಾಲ್ಕು ಚುಂಗು ಎತ್ತಿದ. ಗಂಗವ್ವ ಬುಟ್ಟಿಯ ಮೇಲಿನ ನಾಲ್ಕು ಮಡಿಕೆ ಮುಟ್ಟಿ ನೋಡಿ, “ಮಡಿಚಿದ್ರಿ?” ಅಂದಳು. ಬೈದಿದ್ದರೆ ಹಗುರಾಗುತ್ತಿತ್ತು. ತಟ್ಟು ಬಿಚ್ಚಿ ಹಾಸಿ, ಡಬ್ಬಿ ಹೊಂದಿಸಿದಳು. ಕಣ್ಣು ಕೊಯ್ಯಬೇಕಂತೆ, ನಾಲ್ಕು ಸಂತೆ ಮನೆ ಬಿಟ್ಟು ಬರಬಾರದಂತೆ. “ನಾಕು ಸಂತಿ ಅಂದ್ರ...” ಅನ್ನುತ್ತ ಬಸಣ್ಣನ ಬೆನ್ನು ನೋಡಿದಳು.

“ನಾ ಕೂಡ್ತೀನಿ” ಅಂದುಬಿಟ್ಟೆ. ಸುಧಾಗೆ ರಾಜೀನಾಮೆ ಹೇಗೆ ಕೊಡುವುದು ಅಂತ ವಾರವಿಡೀ ಯೋಚಿಸಿದ್ದೆ. ಅದು ಹೀಗೆ ಮುಗಿಯಿತು.

ನಾಲ್ಕು ಸಂತೆ ಕೂತೆ. ಕೂಡುವುದರ ಬಗ್ಗೆ ನಾನು ಮೇಲೆ ಬರೆದ ಹೊಗಳಿಕೆಯಲ್ಲಿ ಅರ್ಧ ಈಗ ವಾಪಸ್ ತಗೊಳ್ಳುತ್ತೇನೆ. ಮೊದಲ ತಾಸು ಸ್ವರ್ಗ, ಎರಡನೇ ತಾಸಿಗೆ ಸೊಂಟ, ಮೂರನೆಯದಕ್ಕೆ ಕಾಲು ಜೋಮು. ನೀರು ಕುಡಿದರೆ ಏಳಬೇಕಾಗುತ್ತದೆ ಅಂತ ನೀರೂ ಕುಡಿಯುವಂತಿಲ್ಲ. ಯಾವಾಗ ನಿಲ್ಲುತ್ತೇನೋ ಅನ್ನಿಸುತ್ತಿತ್ತು ನೋಡಿ, ನನಗೆ! ಎರಡನೇ ವಾರ ಸುಧಾ ಹೊಸ ತಂಡ ತಂದು ನನ್ನತ್ತ ಕೈ ತೋರಿಸಿ, “ಇವರೆಲ್ಲ ತಲೆತಲಾಂತರದಿಂದ ಇದೇ ಜಾಗದಲ್ಲಿ ಕೂತವರು” ಅಂದಳು. ನಾನು ಗೋಣು ಹಾಕಿದೆ. ಮಂದಿ ‘ಆಹಾ’ ಅಂದರು. ಬಸಣ್ಣನನ್ನು ಮಾತ್ರ ಹತ್ತಿರ ಸುಳಿಯಗೊಡಲಿಲ್ಲ. ಗದ್ದುಗೆಯ ವಾರಸುದಾರರು ಯಾಕೆ ಹಾಗೆ ಆಡುತ್ತಾರೆ ಅಂತ ಆಗ ತಿಳಿಯಿತು.

ಐದನೇ ಸಂತೆಗೆ ಗಂಗವ್ವ ಕರಿ ಕನ್ನಡಕ ಹಾಕಿಕೊಂಡು ಬಂದಳು. ನನಗೆ ಹಿಗ್ಗೋ ಹಿಗ್ಗು. ಎದ್ದೆ, ಎದ್ದವಳು ರೂಢಿಯಂತೆ ಬಗ್ಗಿ ತಟ್ಟಿನ ಚುಂಗು ಹಿಡಿದೆ. “ಮಡಚಬ್ಯಾಡ್ರೀ!” ಅಂತ ಗಂಗವ್ವ, ಉಳ್ಳಾಗಡ್ಡಿಯವನು, ಬಸಣ್ಣ ಮೂವರೂ ಒಮ್ಮೆಗೇ ಕೂಗಿದರು.

ಅವಳು ಕೂತಳು. ಡಬ್ಬಿಗಳನ್ನು ಒಂದು ಮೊಳ ಈಚೆ ಸರಿಸಿಕೊಂಡಳು. “ಲೇ ಬಸ್ಯಾ, ಆ ಬಾಜೂಕ ನಿನ್ನ ಕನ್ನಡಿ ಇಟಗೊ. ಮುಂದಿನ ಸಲ ನಾ ಎದ್ದು ಹೋದ್ರ ಯಾರರ ಕೂಡೋರು ಬೇಕಲ್ಲ.” ನಾಲ್ಕು ವಾರ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯ್ದ ಜಾಗದಲ್ಲಿ ಅವನು ಅಂಜುತ್ತಂಜುತ್ತ ಕೂತ. ನಾನು ಸೊಂಟ ಹಿಡಿದುಕೊಂಡು ಇಬ್ಬರ ಮುಂದೆ ನಿಂತಿದ್ದೆ.

“ಮತ್ತ ನಾ ಎಲ್ಲಿ ಕೂಡ್ಲಿ ಗಂಗವ್ವಾ?”

“ನಿಮ್ಮ ಕಲ್ಲು ಐತಲ್ರಿ” ಅಂದಳು ಅವಳು, ಸೆರಗಿನಿಂದ ಅದರ ಮೇಲಿನ ಧೂಳು ಹೊಡೆಯುತ್ತ. “ನೀವು ಬರೂದು ನನ್ನ ಹಿಂಡಿಗಲ್ಲ, ಕಲ್ಲಿಗೆ ಅಂತ ನನಗ ಗೊತ್ತಿಲ್ಲೇನ್ರಿ? ಕಣ್ಣು ಮಂಜಾಗಿದ್ದಾಗೂ ಅದೊಂದು ಚೊಲೋ ಕಾಣ್ತಿತ್ತು.”